ದೇವರ ಜಗುಲಿಯ ಮೇಲೆ ಇಲಿಯ ಕಿಣ್ವ

ಸತ್ಯ ಹೇಳಲು ನನ್ನಷ್ಟು ಹೆದರುವ ವಿಜ್ಞಾನದ ಮೇಷ್ಟ್ರು ದಾವಣಗೆರೆಯಲ್ಲಿ ಇನ್ನೊಬ್ಬ ಇರಲಾರ. ಮನೆಯಲ್ಲಂತೂ ಬಾಯಿಗೆ ಬೀಗ.

ನನ್ನ ಪಿಎಚ್.ಡಿ. ನಿಂತಿದ್ದದ್ದು ಒಂದು ಕಿಣ್ವದ ಮೇಲೆ. ಇಲಿಯ ಮೈಯಲ್ಲಿ ಸಕ್ಕರೆ ಅರಗಿಸುವ ಕಿಣ್ವ ಅದು. ಆದರೆ ಇಲಿಯಿಂದ ತೆಗೆದದ್ದಲ್ಲ. ಇಲಿಯ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಲಿ ಮಾಡಿಸಿದ್ದು. ತಿಂಗಳುಗಟ್ಟಲೆ ಕಾದ ಮೇಲೆ ಬೆರಳುದ್ದದ ಸೀಸೆಯಲ್ಲಿ ಎರಡು ಹನಿ ಬಂತು. ಸದಾ ಹೆಪ್ಪುಗಟ್ಟಿಯೇ ಇರಬೇಕು, ಕರಗಿ ಬೆಚ್ಚಗಾದರೆ ಕಥೆ ಮುಗಿಯಿತು. ಅದೇ ಕಿಣ್ವ ನಮ್ಮ ನಿಟ್ಟುವಳ್ಳಿ ಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಓಡಾಡುವ ಇಲಿಯ ಹೊಟ್ಟೆಯಲ್ಲಿ ಕಡುಬೇಸಿಗೆಯಲ್ಲೂ ರಜೆಯಿಲ್ಲದೆ ದುಡಿಯುತ್ತದೆ, ಅದು ಬೇರೆ ಮಾತು.

ಶ್ರಾವಣ ಸೋಮವಾರ ಕಾಲೇಜಿಗೆ ದಿನವಿಡೀ ಕರೆಂಟಿರುವುದಿಲ್ಲ ಎಂದು ಮೊದಲೇ ಗೊತ್ತಾಯಿತು. ಜನರೇಟರ್ ಏನೋ ಇತ್ತು. ಆದರೆ ಅಂದು ಸಭಾಂಗಣದಲ್ಲಿ ವೈಜ್ಞಾನಿಕ ಮನೋಭಾವದ ಕುರಿತು ಸಮಾರಂಭ. "ಲ್ಯಾಬಿನ ಫ್ರಿಜ್ಜಿಗೆ ಕೊಟ್ರೆ ಮೈಕಿಗೆ ಸಾಲಲ್ರಿ. ಚೀಫ್ ಗೆಸ್ಟ್ ಹರಿಹರದಿಂದ ಬರ್ತಾರೆ" ಎಂದರು ಪ್ರಿನ್ಸಿಪಾಲರು. ವಿಜ್ಞಾನದ ಬಗ್ಗೆ ಮಾತಾಡಲು ಕರೆಂಟಿದೆ, ವಿಜ್ಞಾನ ಮಾಡಲು ಇಲ್ಲ. ಭಾನುವಾರವೇ ಸೀಸೆಯನ್ನು ಐಸಿನ ಡಬ್ಬಿಯಲ್ಲಿ ಮನೆಗೆ ತಂದು ಫ್ರೀಜರಿಗೆ ಸೇರಿಸಿದೆ.

ಭಾನುವಳ್ಳಿಯಿಂದ ಅತ್ತೆ ಬಂದಿದ್ದರು. ಶ್ರಾವಣದಲ್ಲಿ ಬೆಳ್ಳುಳ್ಳಿಯನ್ನೂ ಅಡುಗೆಮನೆಗೆ ಬಿಡದವರು. ಇಲಿ ಎಂದರೆ ಸೀಸೆಯ ಜೊತೆ ನಾನೂ ಬೀದಿಗೆ.

"ಏನ್ರಿ ಅದು, ಅಳಿಯಂದ್ರೆ?"

"ನಮ್ಮ ಅನ್ನ ಅಂತ ತಿಳ್ಕೊಳ್ರಿ ಅತ್ತೆ. ನನ್ನ ಡಾಕ್ಟರೇಟು ಅದರಾಗೇ ಐತೆ."

ಮರುದಿನ ಸಮಾರಂಭದಲ್ಲಿ ವಂದನಾರ್ಪಣೆ ನನ್ನದು. ಸತ್ಯವನ್ನು ನಿರ್ಭಯವಾಗಿ ನುಡಿಯುವುದೇ ವಿಜ್ಞಾನ ಎಂದು ಗುಡುಗಿದೆ. ಭರ್ಜರಿ ಚಪ್ಪಾಳೆ. ಮಿಕ್ಕಿದ್ದ ಒಂದು ಶಾಲನ್ನು ನನಗೂ ಹೊದಿಸಿದರು. ಅದನ್ನು ತೆಗೆಯಲು ಮನಸ್ಸಾಗದೆ ಹೊದ್ದುಕೊಂಡೇ ಮನೆಗೆ ಬಂದೆ.

ಬಂದು ನೋಡಿದರೆ ಫ್ರಿಜ್ಜು ಬಾಗಿಲು ತೆರೆದು ಒಣಗುತ್ತಿತ್ತು. ಫ್ರೀಜರ್ ಖಾಲಿ. ಮನೆಯೆಲ್ಲ ಹುಡುಕಿದೆ. ದೇವರ ಜಗುಲಿಯ ಮೇಲೆ, ಮೈತುಂಬ ವಿಭೂತಿ ಬಳಿದುಕೊಂಡು, ತಲೆಯ ಮೇಲೊಂದು ಸೇವಂತಿಗೆ ಇಟ್ಟುಕೊಂಡು, ತುಪ್ಪದ ದೀಪದ ಪಕ್ಕ ನನ್ನ ಡಾಕ್ಟರೇಟು ಬೆಚ್ಚಗೆ ಕೂತಿತ್ತು.

"ಶ್ರಾವಣ ಅಂತ ಬೆಳಗ್ಗೆನೇ ಫ್ರಿಜ್ಜು ತೊಳದೆ" ಎಂದರು ಅತ್ತೆ, ಸಂಭ್ರಮದಿಂದ. "ಅನ್ನ ಅಂದಿದ್ರಲ್ಲ, ಕಂಡಕಂಡಲ್ಲಿ ಹೆಂಗೆ ಇಡಾದು? ಪೂಜಿನೂ ಮಾಡೀನಿ."

ಅಳುವೇ ಬಂತು. "ಅಯ್ಯೋ ಅತ್ತೆ, ಅದು ಇಲಿದು!" ಎಂದುಬಿಟ್ಟೆ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಗಲ್ಲ ಗಲ್ಲ ಬಡಿದುಕೊಂಡರು. "ಶಿವನೇ! ಈ ಮಾತು ನಿನ್ನೆನೇ ಅಂದಿದ್ರೆ ನಾನು ಆ ಫ್ರಿಜ್ಜಿನ ಹತ್ರನಾದ್ರೂ ಹೋಗ್ತಿದ್ನೇನ್ರಿ?"

ಮೈಲಿಗೆಯಾದ ಜಗುಲಿಯನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಒರೆಸಲು ಬಟ್ಟೆ ಹುಡುಕಿದೆ. ಹೆಗಲ ಮೇಲೆಯೇ ಇತ್ತು.