ದಾರಿಗೆ ಅಡ್ಡ ಮಲಗಿದ ಪ್ರೂಫಪ್ಪ

ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕೂತು ನಿಘಂಟು, ಕಾನೂನು ಪುಸ್ತಕ, ಪಂಪ್‌ಸೆಟ್ ರಿಪೇರಿ ಕೈಪಿಡಿ ಎಲ್ಲವನ್ನೂ ಒಂದಕ್ಷರ ಬಿಡದೆ ಓದಿ ತಿದ್ದಿದ ಮಹಾನುಭಾವನಿಗೆ, ನಾಲ್ಕೂವರೆ ವರ್ಷದ ಮೊಮ್ಮಗಳಿಗೆ ಒಂದು ಚಿತ್ರದ ಪುಸ್ತಕ ಓದಿ ಹೇಳುವುದು ಯಾವ ಮಹಾ ಕೆಲಸ! ಶನಿವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಪ್ರೂಫಪ್ಪನವರು ಹೀಗೆಂದು ಕನ್ನಡಿಗೆ ಘೋಷಿಸಿದರು. ಕೇಳಲು ಮನೆಯಲ್ಲಿ ಕನ್ನಡಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಪ್ರೂಫಪ್ಪ ಎಂಬುದು, ಅಚ್ಚಿನ ಪ್ರೂಫು ತಿದ್ದುವವರೆಂದು ಪ್ರೆಸ್ಸಿನವರು ಕಟ್ಟಿದ ಹೆಸರು. ಕೆಲಸದಿಂದ ನಿವೃತ್ತರಾದ ಮೇಲೂ ಅದು ಅವರಿಗೆ ಅಂಟಿಕೊಂಡೇ ಇತ್ತು. ಉಳಿದದ್ದೆಲ್ಲ ಬಿಟ್ಟುಹೋಗಿತ್ತು. ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರು ಒಂದು ಲೋಟ, ಒಂದು ತಟ್ಟೆ, ಒಂದು ಕುರ್ಚಿಯೊಡನೆ ಸಂಸಾರ ಮಾಡಿಕೊಂಡಿದ್ದರು. ಭಾನುವಾರ ಮೂರರಿಂದ ಐದರವರೆಗೆ ಮಾತ್ರ ಮಗಳು ಮಗುವನ್ನು ಇಲ್ಲಿ ಬಿಟ್ಟು ಆಸ್ಪತ್ರೆಯ ಲ್ಯಾಬಿಗೆ ಡ್ಯೂಟಿಗೆ ಹೋಗುತ್ತಿದ್ದಳು. ಮಗುವೋ, ಅಜ್ಜಿ ಇದ್ದಾಗ ಮನೆ ತಲೆಕೆಳಗು ಮಾಡುತ್ತಿದ್ದದ್ದು, ಈಗ ಬೂಟು ಕೂಡ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತು ಬಾಗಿಲು ನೋಡುತ್ತಿತ್ತು. ಅಜ್ಜನೂ ಬಾಗಿಲು ನೋಡುತ್ತಿದ್ದರು. ಏನು ಊಟ ಮಾಡಿದೆ ಎಂದು ಕೇಳಿದರೆ ಊಟ ಎಂದು ಉತ್ತರ ಬರುತ್ತಿತ್ತು.

ಹೋದ ವಾರ ಮಗಳು ಚಪ್ಪಲಿ ಮೆಟ್ಟುತ್ತ ಹೇಳಿದಳು: "ಅಪ್ಪ, ಇವಳಿಗೆ ಇಲ್ಲಿ ಬೇಜಾರು. ಮುಂದಿನ ತಿಂಗಳಿಂದ ಭಾನುವಾರ ಡ್ರಾಯಿಂಗ್ ಕ್ಲಾಸಿಗೆ ಹಾಕ್ತೀನಿ. ನಿಮಗೂ ಆರಾಮ."

ಆರಾಮವಂತೆ! ವಾರದಲ್ಲಿ ನೂರಾ ಅರವತ್ತಾರು ಗಂಟೆ ಆರಾಮವಾಗಿಯೇ ಬಿದ್ದಿರುವ ಮನುಷ್ಯನಿಗೆ, ಮಿಕ್ಕ ಎರಡು ಗಂಟೆಯ ಆರಾಮವನ್ನೂ ದಾನ ಮಾಡಲು ಹೊರಟಿದ್ದಳು ಪುಣ್ಯಾತ್ಮಗಿತ್ತಿ. ಆ ಎರಡು ಗಂಟೆ ಕೈತಪ್ಪಿದರೆ ತಾನು ಮಾತಾಡುವುದನ್ನೇ ಮರೆತುಬಿಡುತ್ತೇನೆ ಎಂದು ಪ್ರೂಫಪ್ಪನವರಿಗೆ ನಿಜವಾಗಿ ಭಯವಾಯಿತು. ಅದಕ್ಕೇ ಈ ಪುಸ್ತಕ.

ಅಂಗಡಿಯವನು ಮಕ್ಕಳು ಮುಗಿಬೀಳುವ ಜನಪದ ಕಥೆ ಎಂದು ಹೊಗಳಿ ಕೊಟ್ಟಿದ್ದ. ಕಥೆ ಇಷ್ಟೇ: ದಾರಿಗೆ ಅಡ್ಡವಾಗಿ ಒಂದು ಎಮ್ಮೆ ಮಲಗಿದೆ. ಕೋಳಿ ಬಂದು 'ಏಳೇ ಎಮ್ಮೆ, ಬಿಡೇ ದಾರಿ' ಎನ್ನುತ್ತದೆ. ಎಮ್ಮೆ ಏಳುವುದಿಲ್ಲ. ಆಮೇಲೆ ಮೇಕೆ, ನಾಯಿ, ಕತ್ತೆ, ಆನೆ, ಹೀಗೆ ಒಬ್ಬೊಬ್ಬರೇ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಕೊನೆಗೆ ಇರುವೆ ಬಂದು ಕಿವಿ ಕಚ್ಚುತ್ತದೆ, ಎಮ್ಮೆ ಏಳುತ್ತದೆ, ಎಲ್ಲರೂ ತಮ್ಮ ತಮ್ಮ ದಾರಿ ಹಿಡಿದು ಹೋಗುತ್ತಾರೆ.

ಎರಡನೆಯ ಪುಟಕ್ಕೇ ಪ್ರೂಫಪ್ಪನವರ ಹುಬ್ಬು ಗಂಟಿಕ್ಕಿತು. 'ಎಮ್ಮೆಯ ಹಿಂದೆ ಕೋಳಿ, ಕೋಳಿಯ ಹಿಂದೆ ಮೇಕೆ.' ಮೂರನೆಯ ಪುಟದಲ್ಲಿ ಮತ್ತೆ ಅದೇ ಕೋಳಿ, ಅದೇ ಮೇಕೆ! ನಾಲ್ಕರಲ್ಲಿ ಮತ್ತೆ! ಅಚ್ಚು ಜೋಡಿಸುವವರು ನಿದ್ದೆಗಣ್ಣಿನಲ್ಲಿ ಒಂದೇ ಸಾಲನ್ನು ಎರಡು ಸಲ ಜೋಡಿಸುವುದನ್ನು ಅವರು ಬೇಕಾದಷ್ಟು ಕಂಡಿದ್ದರು, ಆದರೆ ಇಂಥ ಕುಂಭಕರ್ಣನನ್ನು ಕಂಡಿರಲಿಲ್ಲ. ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಪುನರುಕ್ತಿ, ಪುನರುಕ್ತಿ, ಪುನರುಕ್ತಿ! ಸರಸರನೆ ಗೀಟು ಎಳೆದು, ತೆಗೆದುಹಾಕಿ ಎಂಬ ಸುಳಿ ಗುರುತು ಹಾಕಿದರು. ಎಷ್ಟೋ ದಿನದ ಮೇಲೆ ಕೈಗೆ ಕೆಲಸ ಸಿಕ್ಕ ಖುಷಿಯಲ್ಲಿ ಊಟದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ.

ಆಮೇಲೆ ನೋಡಿದರೆ ಕೆಂಪು ಶಾಯಿ ಹಿಂಬದಿಗೆ ಇಳಿದು ಮೇಕೆಯ ಗಡ್ಡವೆಲ್ಲ ರಕ್ತಸಿಕ್ತ! ಮಗು ಹೆದರೀತೆಂದು ವೈಟ್ನರ್ ಬಳಿದರು. ಬಳಿದ ರಭಸಕ್ಕೆ ನಾಯಿಯ ಒಂದು ಕಿವಿ ಹೋಯಿತು. ಒಣಗುವ ಮೊದಲೇ ಪುಸ್ತಕ ಮುಚ್ಚಿದ್ದರಿಂದ ಕತ್ತೆಯೂ ಆನೆಯೂ ಬಿಡಿಸಲಾಗದಂತೆ ತಬ್ಬಿಕೊಂಡವು. ಆದರೂ ಪ್ರೂಫಪ್ಪನವರಿಗೆ ತೃಪ್ತಿಯಾಗಿತ್ತು. ಇಪ್ಪತ್ತನಾಲ್ಕು ಪುಟದ ಕಥೆ ಒಂಬತ್ತು ವಾಕ್ಯಕ್ಕೆ ಇಳಿದಿತ್ತು.

ಭಾನುವಾರ ಮೂರು ಗಂಟೆಗೆ ಓದಲು ಶುರುಮಾಡಿದರು. ಮೂರು ಗಂಟೆ ಎರಡು ನಿಮಿಷಕ್ಕೆ ಕಥೆ ಮುಗಿಯಿತು.

ಮಗು ಪುಟ ತಿರುಗಿಸಿ ಬೆರಳಿಟ್ಟಿತು. "ಇಲ್ಲಿ ಕೋಳಿ ನಿಂತಿದೆಯಲ್ಲ. ನೀನು ಯಾಕೆ ಹೇಳಲಿಲ್ಲ?"

"ಮೊದಲೇ ಒಂದು ಸಲ ಹೇಳಿದೆನಲ್ಲಮ್ಮ."

"ಇನ್ನೂ ನಿಂತಿದೆ. ಹೇಳದಿದ್ರೆ ಅದು ಇಲ್ಲ ಅಂತ ಆಗತ್ತೆ."

ಹೆಂಡತಿಯ ಹೆಸರು ಪ್ರೂಫಪ್ಪನವರ ಬಾಯಲ್ಲಿ ಬಂದು ಹನ್ನೊಂದು ತಿಂಗಳಾಗಿತ್ತು. ಮಗು ಮಾತು ಮುಗಿಸಿ ಕುರ್ಚಿಯ ತುದಿಗೆ ಹೋಗಿ ಕೂತು ಮತ್ತೆ ಬಾಗಿಲು ನೋಡತೊಡಗಿತು. ಇವರು ಗಡಿಬಿಡಿಯಿಂದ ಬ್ಲೇಡು ತಂದು ವೈಟ್ನರ್ ಕೆರೆದರು. ಕೆಳಗಿನ ಸಾಲಿನ ಜೊತೆ ಕೋಳಿಯೂ ಎದ್ದುಬಂತು. ಮಾಡಿದ್ದುಣ್ಣೋ ಮಹರಾಯ! ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಪ್ರೂಫಪ್ಪನವರು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿ, ಈಗ ಏನು ಮಾಡೋಣ ಎಂದು ಕೇಳಿದರು.

ಮಗು ಅವರನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿತು. "ನೀನು ಎಮ್ಮೆ ಆಗು."

ದಾರಿ ಎಂದರೆ ಬಾಗಿಲು, ಆದ್ದರಿಂದ ಎಮ್ಮೆ ಬಾಗಿಲಿಗೆ ಅಡ್ಡವಾಗಿ ಮಲಗಬೇಕೆಂದು ಅಪ್ಪಣೆಯಾಯಿತು. ಮಲಗಿದರು. ಕೋಳಿ ಬೇಕಲ್ಲ ಎಂದು ಮಗು ತಾನಾಗಿ ಬೂಟು ಬಿಚ್ಚಿ ಸಾಲಿನಲ್ಲಿಟ್ಟಿತು. ಬಕೆಟ್ಟು ಮೇಕೆಯಾಯಿತು, ಅಜ್ಜಿಯ ಕೈಚೀಲ ನಾಯಿಯಾಯಿತು, ಲೋಟ ಕತ್ತೆಯಾಯಿತು, ಕುರ್ಚಿ ಆನೆಯಾಯಿತು. ಹೊಸಬರು ಬಂದಾಗಲೆಲ್ಲ ಪ್ರೂಫಪ್ಪನವರು ಮೊದಲಿನಿಂದ ಇಡೀ ಸಾಲು ಒಪ್ಪಿಸಬೇಕಿತ್ತು. ಒಂದು ಹೆಸರು ತಪ್ಪಿದರೂ ತಲೆಯ ಮೇಲೆ ಮೊಟಕು. ಕೈಚೀಲದ ಸರದಿ ಬಂದಾಗ ಅವರು ಅದಕ್ಕೆ ನಾಯಿ ಎನ್ನದೆ ಅಜ್ಜಿಯ ಹೆಸರನ್ನೇ ಹೇಳಿದರು. ಅದಕ್ಕೆ ಮೊಟಕು ಬೀಳಲಿಲ್ಲ.

ಐದಕ್ಕೆ ಮಗಳು ಬಂದು ಬಾಗಿಲು ತಳ್ಳಿದಳು. ಬಾಗಿಲು ನಾಲ್ಕು ಬೆರಳಷ್ಟು ತೆರೆದು ಎಮ್ಮೆಯ ಬೆನ್ನಿಗೆ ತಾಗಿ ನಿಂತಿತು. ಸಂದಿಯಲ್ಲಿ ಅವಳಿಗೆ ಕಂಡದ್ದು ನೆಲದ ಮೇಲೆ ಅಲ್ಲಾಡದೆ ಬಿದ್ದ ಅಪ್ಪನ ಬೆನ್ನು.

"ಅಪ್ಪಾ! ಏನಾಯ್ತು?"

"ಏನಿಲ್ಲಮ್ಮ. ನಾನು ಎಮ್ಮೆ."

ಈ ಸಮಾಧಾನದ ಮಾತು ಕೇಳಿ ಅವಳು ಇನ್ನಷ್ಟು ಗಾಬರಿಯಾಗಿ ಕೆಳಗಿನ ಓನರಮ್ಮನನ್ನು ಕೂಗಿದಳು. ಓನರಮ್ಮ ಎದುರು ಮನೆಯ ಟೈಲರನ್ನು ಕರೆತಂದರು. ಅಷ್ಟರಲ್ಲಿ ಅದಕ್ಕೂ ಮೇಲಿನ ಮಹಡಿಗೆ ನೀರಿನ ಕ್ಯಾನು ಹೊತ್ತು ಬಂದವನು ಮೆಟ್ಟಿಲಲ್ಲಿ ದಾರಿಯಿಲ್ಲದೆ ನಿಂತ. ಎಮ್ಮೆಯ ಹಿಂದೆ ಮಗಳು, ಮಗಳ ಹಿಂದೆ ಓನರಮ್ಮ, ಓನರಮ್ಮನ ಹಿಂದೆ ಟೈಲರು, ಟೈಲರ ಹಿಂದೆ ನೀರಿನ ಕ್ಯಾನು!

ಮೊಮ್ಮಗಳು ಸಂದಿಗೆ ಮೂಗು ತೂರಿಸಿ, ಯಾರ ಹಿಂದೆ ಯಾರಿದ್ದಾರೆಂದು ಖಾತ್ರಿ ಮಾಡಿಕೊಂಡು, ಇದು ಎಮ್ಮೆಯ ಆಟವೆಂದು ತಿಳಿಸಿ, ಎಲ್ಲರೂ ಹೇಳಬೇಕಾದ್ದನ್ನು ಹೇಳಿಕೊಟ್ಟಳು. ಬೂಟು ಹಾಕಿಕೋ, ಹೊರಡೋಣ ಎಂದು ಅಮ್ಮ ಅಂದರೆ, ಅವು ಕೋಳಿ, ಕಾಲಿಗೆ ಹಾಕಿಕೊಳ್ಳಲು ಬರುವುದಿಲ್ಲ ಎಂದಳು. ಬೇರೆ ಗತಿಯಿಲ್ಲದೆ ಮಗಳು ಸಣ್ಣ ದನಿಯಲ್ಲಿ ಏಳೇ ಎಮ್ಮೆ ಎಂದಳು. ಓನರಮ್ಮ ಬಹಳ ದಿನದಿಂದ ಕಾಯುತ್ತಿದ್ದವರಂತೆ ಗಟ್ಟಿಯಾಗಿ ಹೇಳಿದರು. ಟೈಲರು ರಾಗವಾಗಿ ಹೇಳಿದ. ಹೆಗಲು ನೋಯುತ್ತಿದ್ದ ಕ್ಯಾನಿನವನು ಒಂದೇ ಉಸಿರಿಗೆ ಮುಗಿಸಿದ. ಎಮ್ಮೆ ಏಳಲಿಲ್ಲ.

ಎಲ್ಲಿ ಎದ್ದಾರು? ಹನ್ನೊಂದು ತಿಂಗಳಲ್ಲಿ ಆ ಬಾಗಿಲಿಗೆ ಒಟ್ಟಿಗೆ ಇಷ್ಟು ಜನ ಬಂದಿರಲಿಲ್ಲ. ಏಳು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರಿಗೆ ಕಥೆಯ ಕೊನೆ ಗೊತ್ತಿತ್ತು. ಎಮ್ಮೆ ಎದ್ದ ಕೂಡಲೇ ಎಲ್ಲರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ತಣ್ಣನೆಯ ನೆಲಕ್ಕೆ ಕೆನ್ನೆಯೊತ್ತಿ ಪ್ರೂಫಪ್ಪನವರು ಅಲ್ಲಾಡದೆ ಮಲಗಿದರು.

ಮೊಮ್ಮಗಳೆಂಬ ಇರುವೆ ಬಂದು ಕಿವಿ ಕಚ್ಚಿತು. ಸುಮ್ಮನಿದ್ದರು. ಇನ್ನೊಮ್ಮೆ, ಹಲ್ಲಿನ ಗುರುತು ಮೂಡುವಂತೆ ಕಚ್ಚಿತು. ಕಣ್ಣಲ್ಲಿ ನೀರು ಬಂತು, ಎಮ್ಮೆ ಮಾತ್ರ ಏಳಲಿಲ್ಲ. ಹೊರಗಿನಿಂದ ಬಾಗಿಲು ತಳ್ಳುವುದು ನಿಂತಿತು. ಮಗಳು ಸಂದಿಯೊಳಗೆ ಕೈ ತೂರಿಸಿ ಅವರ ಬೆನ್ನಿನ ಮೇಲಿಟ್ಟಳು.

"ಅಪ್ಪ, ನೀವು ಎದ್ರೆ ನಾವು ಹೋಗಲ್ಲ. ಒಳಗೆ ಬರ್ತೀವಿ."

ಪ್ರೂಫಪ್ಪನವರು ಕೇಳಿಸದವರ ಹಾಗೆ ಕಣ್ಣು ಮುಚ್ಚಿಕೊಂಡರು. ಮೊಮ್ಮಗಳು ಬಗ್ಗಿ ಅವರ ಮುಖವನ್ನು ಪರೀಕ್ಷಿಸಿ, ನಿಟ್ಟುಸಿರುಬಿಟ್ಟು, ಸಂದಿಯಿಂದ ಹೊರಗಿನವರಿಗೆಲ್ಲ ತೀರ್ಪು ಹೇಳಿದಳು:

"ಎಲ್ಲರೂ ಕೆಳಗಡೆ ಹೋಗಿ, ಮತ್ತೆ ಮೊದಲಿಂದ ಬನ್ನಿ. ನಮ್ಮಜ್ಜನಿಗೆ ಒಂದು ಸಲ ಹೇಳಿದ್ರೆ ಅರ್ಥ ಆಗಲ್ಲ."