ಏಳನೇ ಕ್ಲಾಸೇ ಬೇಕೆಂದು ಹಟ ಹಿಡಿದಿದ್ದೆ

ಮೇಷ್ಟ್ರಾಗಲು ಹೊರಟವರಿಗೆ ನಿಜವಾದ ಪರೀಕ್ಷೆ ಇಡುವುದು ಸರ್ಕಾರವಲ್ಲ, ಮಕ್ಕಳು. ತರಬೇತಿಯ ಆ ಮೂರು ವಾರ ನನಗೆ ವಾರಕ್ಕೊಂದು ತಪ್ಪಲಿಲ್ಲ.

ತೊಂಬತ್ತರ ದಶಕ. ನಂಜನಗೂಡಿನಲ್ಲಿ ಟಿ.ಸಿ.ಎಚ್. ಶಿಕ್ಷಕರ ತರಬೇತಿಗೆ ಸೇರಿದ್ದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಂಗಡಿಯ ಪೊಟ್ಟಣದ ಪೇಪರನ್ನೂ ಬಿಡದೆ ಓದಿ, ಮನೆಯಲ್ಲೇ ಕೂತು ಎಸ್ಸೆಲ್ಸಿ, ಪಿಯುಸಿ ಕಟ್ಟಿ ಪಾಸಾದವಳು. ಲೆಕ್ಚರರು ಒಂದು ಫಾರಂ ಕೊಟ್ಟರು: ಮುಂದೆ ಯಾವ ತರಗತಿಗೆ ಪಾಠ ಮಾಡಲು ಇಷ್ಟ? ಮೂರು ವಾರ ಮೂರು ತರಗತಿಗೆ ಪಾಠ ಮಾಡಿ ನೋಡಿ ಆಮೇಲೆ ಹೇಳಬೇಕು. ನಾನು ಮೊದಲ ದಿನವೇ 'ಏಳು' ಎಂದು ಬರೆದುಕೊಟ್ಟೆ. ದೊಡ್ಡ ಮಕ್ಕಳಾದರೆ ಮರ್ಯಾದೆ ಕೊಡುತ್ತಾರೆ. ಇಷ್ಟು ಕಷ್ಟಪಟ್ಟು ಓದಿದ್ದು ಚಿಕ್ಕಮಕ್ಕಳ ಮೂಗೊರೆಸುವುದಕ್ಕೇನು?

ಏಳು

ಹುಲ್ಲಹಳ್ಳಿ ಕಡೆಯ ಶಾಲೆ. ಒಬ್ಬ ಹುಡುಗ ಎದ್ದು ಕೇಳಿದ: "ಮಿಸ್, ಏಳನೇ ಕ್ಲಾಸಲ್ಲಿ ನಿಮಗೆಷ್ಟು ಮಾರ್ಕ್ಸ್ ಬಂದಿತ್ತು?"

"ನಾನು ಏಳನೇ ಕ್ಲಾಸಿಗೆ ಹೋದವಳೇ ಅಲ್ಲ ಕಣೋ. ಮನೇಲೇ ಓದಿ ಇಲ್ಲಿಗೆ ಬಂದೆ" ಎಂದು ಹೆಮ್ಮೆಯಿಂದ ಹೇಳಿದೆ.

ಮಾರನೆಯ ದಿನ ಅವನ ಅಪ್ಪ ಮಗನ ಕಿವಿ ಹಿಡಿದುಕೊಂಡೇ ಬಂದರು. "ಏನ್ ಮಿಸ್ ಕಲಿಸಿದ್ರಿ ಇವ್ನಿಗೆ? ಇಸ್ಕೂಲ್ಗೆ ಓಗಲ್ಲ ಅಂತಾವ್ನೆ. ಮೇಷ್ಟ್ರಾಗೋಗಂಟ ಮನೇಲೇ ಇರ್ತಾನಂತೆ!"

ನಾಲ್ಕು

ಎರಡನೇ ವಾರ ತಿ. ನರಸೀಪುರದ ಆಚೆ, ಹೆಮ್ಮಿಗೆ ಕಡೆ. ಮನೆಮನೆಯಲ್ಲೂ ಹಸು ಕಟ್ಟಿದ ಊರು. ಅದಕ್ಕೇ ಲೆಕ್ಕವನ್ನೂ ಹಾಲಿನಲ್ಲೇ ಕೊಟ್ಟೆ. "ಎರಡು ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಬೆರೆಸಿದರೆ ಎಷ್ಟಾಗುತ್ತೆ?"

ಮುಂದಿನ ಸಾಲಿನ ಹುಡುಗಿ ಕೇಳಿದಳು: "ಡೈರಿಗಾ ಮಿಸ್, ಹೋಟ್ಲಿಗಾ?"

"ಎಲ್ಲಿಗಾದರೇನು?"

"ಡೈರೀಲಿ ಮಿಷನ್ ಇಟ್ಟು ಕಂಡಿಡೀತಾರೆ, ವಾಪಸ್ಸು ಕಳಿಸ್ತಾರೆ. ಹೋಟ್ಲಿಗಾದ್ರೆ ಎರಡೂವರೆ."

ಒಂದು

ಮೂರನೇ ವಾರ ತಗಡೂರು ಕಡೆ. ಒಲ್ಲದ ಮನಸ್ಸಿನಿಂದಲೇ ಹೋದೆ. ಒಂದು ಪುಟ್ಟ ಹುಡುಗಿ ಸೋಮವಾರದಿಂದ ತನ್ನ ತಾತನ ಪಂಚೆ ಬಿಡಲೊಲ್ಲಳು. ಹಾಗಾಗಿ ಎಪ್ಪತ್ತು ದಾಟಿದ ಆ ತಾತನೂ ಹಿಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

ಶುಕ್ರವಾರ ಲೆಕ್ಚರರು ಪಾಠ ನೋಡಲು ಬಂದರು. ಕರಿಹಲಗೆಯ ಮೇಲಿನ 'ಗ' ತೋರಿಸಿ ಆ ಹುಡುಗಿಯನ್ನೇ ಕೇಳಿದರು. ಅವಳು ತಾತನ ಮುಖ ನೋಡಿದಳು.

"ಗ ಸಾ! ಗರಗಸದ ಗ!" ಹಿಂದಿನ ಸಾಲಿನಿಂದ ತಾತ ಕೂಗಿದರು.

ಲೆಕ್ಚರರು ಬೆಚ್ಚಿದರು. "ಇವರು ಯಾರಮ್ಮ?"

"ಮಗೂನ ಬಿಟ್ಟುಹೋಗೋಕೆ ಬಂದವರು ಸಾರ್. ಐದು ದಿನ ಆಯ್ತು."

ಅಷ್ಟರಲ್ಲಿ ತಾತ ಎದ್ದು ನಿಂತು, ಕೈಕಟ್ಟಿ, ಆಮೇಲೆ ಮೆಲ್ಲಗೆ ಕಿರುಬೆರಳೆತ್ತಿದರು. "ಮಿಸ್, ಒಂದಕ್ಕೆ."

"ಅಯ್ಯೋ, ನೀವು ಕೇಳಬೇಕೇ ಯಜಮಾನ್ರೇ? ಹೋಗಿ ಬನ್ನಿ" ಎಂದರು ಲೆಕ್ಚರರು.

ತಾತ ಕದಲಲಿಲ್ಲ. "ಮಿಸ್ಸೇ ಊಂ ಅನ್ಬೇಕು ಸಾ. ಕೇಳ್ದೆ ಎದ್ರೆ ಬಯ್ತಾರೆ."

ನಾನು ತಲೆಯಾಡಿಸಿದ ಮೇಲೆಯೇ ಹೊರಟರು. ಲೆಕ್ಚರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನನ್ನ ಫಾರಂ ತೆಗೆದರು. "ಏನಮ್ಮ, ಏಳೇ ಇರಲಾ?"

"ಬೇಡ ಸಾರ್, ಒಂದು ಅಂತ ತಿದ್ದಿ. ಇಷ್ಟು ಮರ್ಯಾದೆ ಏಳರಲ್ಲಿ ಸಿಗಲ್ಲ."

ಅವರು ತಿದ್ದುತ್ತಿರುವಾಗ ಬಾಗಿಲಲ್ಲಿ ತಾತ ಮತ್ತೆ ಕೈಕಟ್ಟಿ ನಿಂತರು. "ಒಳೀಕೆ ಬರ್ಲಾ ಮಿಸ್?"

"ಕೈ ತೊಳ್ಕೊಂಡ್ರಾ?"

ತಾತ ತಲೆ ತಗ್ಗಿಸಿ, ಬೋರ್‌ವೆಲ್ ಕಡೆಗೆ ವಾಪಸ್ಸು ಹೋದರು.