ಪಾಂಡೀಶ್ವರಿಯ ಒಂದು ದಿನದ ಸಿರಿತನ

ಪಿಚ್ಚೈಯಮ್ಮಾಳ್ ಅಂದು ಏಲಕ್ಕಿ ಆರಿಸುವ ಕೆಲಸಕ್ಕೆ ಹೋಗದೆ ಬಾಗಿಲಿಗೆ ಸಗಣಿ ಸಾರಿಸುತ್ತಿದ್ದಳು. ತೊಂದರೆ ಶುರುವಾದದ್ದು ಅಲ್ಲಿಂದಲೇ.

"ಏನಕ್ಕಾ, ಇವತ್ತು ಕೆಲಸಕ್ಕೆ ಹೋಗಿಲ್ಲೆ?" ಎಂದಳು ಪಕ್ಕದ ಮನೆಯ ಓಚ್ಚಮ್ಮಾಳ್.

ಮಗಳು ಪಾಂಡೀಶ್ವರಿಯ ಕಾಲೇಜಿನಲ್ಲಿ ತಂದೆತಾಯಿ ಇಲ್ಲದ ಮಕ್ಕಳಿಗೆ ಮಧ್ಯಾಹ್ನ ಪುಕ್ಕಟೆ ಊಟವಿತ್ತು. ಈ ವರ್ಷದಿಂದ ಬಡವರ ಮನೆಯ ಮಕ್ಕಳಿಗೂ ಕೊಡುವುದೆಂದು ತೀರ್ಮಾನವಾಗಿ, ಬಡತನ ನಿಜವೋ ಸುಳ್ಳೋ ನೋಡಲು ಒಬ್ಬ ಮೇಷ್ಟರು ಅಂದು ಬೋಡಿನಾಯಕನೂರಿನ ಈ ಮನೆಗೆ ಬರುವವರಿದ್ದರು. ಊಟದ ಗಂಟೆ ಹೊಡೆದಾಗಲೆಲ್ಲ ಕೊಳಾಯಿ ನೀರಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಪಾಂಡೀಶ್ವರಿ ಇದಕ್ಕಾಗಿ ಮಾರಿಯಮ್ಮನಿಗೆ ಹರಕೆ ಹೊತ್ತಿದ್ದಳು. ಆದರೆ ಅನ್ನ ಕೇಳಿದ್ದೇವೆ ಅಂತ ಬೀದಿಯಲ್ಲಿ ಹೇಳುವುದುಂಟೇ?

"ಒಬ್ಬರು ಮನೆ ನೋಡಕ್ಕೆ ಬತ್ತಾರೆ," ಎಂದುಬಿಟ್ಟಳು ಪಿಚ್ಚೈಯಮ್ಮಾಳ್.

ವಯಸ್ಸಿಗೆ ಬಂದ ಹುಡುಗಿಯ ಮನೆ ನೋಡಲು ಬರುವವನು ಗಂಡಿನ ಕಡೆಯವನಲ್ಲದೆ ಇನ್ಯಾರಾದಾನು? ಆ ಬೀದಿಗೆ ಹಿರಿಯರು ಹಾಕಿಕೊಟ್ಟ ಧರ್ಮ ಒಂದಿತ್ತು. ಹೆಣ್ಣು ನೋಡುವ ದಿನ ಬೀದಿಯ ಸಾಮಾನೆಲ್ಲ ಹೆಣ್ಣಿನ ಮನೆಯ ಸಾಮಾನು.

ಪಾಂಡೀಶ್ವರಿ ನೀರು ಹೊತ್ತು ಬರುವಷ್ಟರಲ್ಲಿ ಒಂದೇ ಕೋಣೆಯ ಆ ಮನೆಯಲ್ಲಿ ಮೂರು ಮಂಚ, ಎರಡು ಬೀರು, ಹಿತ್ತಾಳೆ ಅಂಡೆಗಳು ಸೇರಿ, ಜಾತ್ರೆ ಬಸ್ಸಿನಂತೆ ಕಾಲಿಡಲು ಜಾಗವಿರಲಿಲ್ಲ. ಎದುರುಮನೆಯ ತರಕಾರಿ ವ್ಯಾಪಾರಿ ಕಂದಸಾಮಿ ಕಲರ್ ಟೀವಿ ಹೊತ್ತು ತಂದಿಟ್ಟು, ತನ್ನ ಹಸುವನ್ನೂ ಬಾಗಿಲಲ್ಲಿ ಕಟ್ಟಿದ. ಓಚ್ಚಮ್ಮಾಳ್ ತನ್ನ ಮನೆಯ ಲೋಟ, ಚಾಪೆಗಳನ್ನೂ ಬಿಡದೆ ಬಳಿದು ತಂದಿದ್ದಳು.

"ಚಿನ್ನಮ್ಮಾ, ಇದೆಲ್ಲ ಬೇಡ. ಅವರು ನನ್ನ ನೋಡಕ್ಕೆ ಬತ್ತಿಲ್ಲೆ," ಎಂದಳು ಪಾಂಡೀಶ್ವರಿ, ತಾನು ಚಿಕ್ಕಮ್ಮನೆಂದೇ ಕರೆಯುವ ಓಚ್ಚಮ್ಮಾಳ್‌ಗೆ.

"ಸುಮ್ಮಿರು ಕೂಸೇ. ನಾನೂ ಆವತ್ತು ಹಂಗೇ ಅಂದಿದ್ದೆ. ಈಗ ಮೂರು ಮಕ್ಕಳು," ಎಂದು ಓಚ್ಚಮ್ಮಾಳ್ ತನ್ನ ಚಿನ್ನದ ಸರವನ್ನು ಅವಳ ಕೊರಳಿಗೆ ಹಾಕಿ, ರೇಷ್ಮೆ ಸೀರೆ ಸುತ್ತಿ, ತಲೆತುಂಬ ಮಲ್ಲಿಗೆ ಮುಡಿಸಿದಳು.

ಮೇಷ್ಟರ ಹೆಸರು ವಿಘ್ನೇಶ್ವರನ್. ವಿಘ್ನ ಕಳೆಯಲು ಬಂದ ಆ ಪುಣ್ಯಾತ್ಮರು ಹಸುವನ್ನು ಸುತ್ತುಹಾಕಿ, ಮಂಚ ಹತ್ತಿ ಇಳಿದು, ಅಂಡೆಗಳ ನಡುವೆ ಹೇಗೋ ಕುಳಿತರು. ಬೆಳ್ಳಿ ತಟ್ಟೆಯಲ್ಲಿ ಕೇಸರಿಬಾತು ಬಂತು. ಅದು ಅದೇ ಬೀದಿಯ ಪೊನ್ನಮ್ಮಾಳ್ ಮನೆಯ ತಟ್ಟೆ.

"ಆ ಟೀವಿ ಹಾಕಿ. ಮ್ಯಾಚ್ ಏನಾಯಿತು ನೋಡೋಣ," ಎಂದರು ಮೇಷ್ಟರು.

"ಕರೆಂಟ್ ಇಲ್ಲ ಸಾರ್," ಎಂದ ಕಂದಸಾಮಿ. ಅದಂತೂ ಪೂರ್ತಿ ನಿಜ. ಆ ಮನೆಗೆ ಕರೆಂಟು ಎಂದೂ ಬಂದಿರಲಿಲ್ಲ.

ಪಾಂಡೀಶ್ವರಿ ಬಗ್ಗಿ ಪಿಸುಗುಟ್ಟಿದಳು. "ಸಾರ್, ಇದೆಲ್ಲ ಎರವಲು. ಸರ ಓಚ್ಚಮ್ಮ ಚಿನ್ನಮ್ಮನದು. ಹಸು ಕಂದಸಾಮಿ ಮಾಮನದು."

ಮೇಷ್ಟರು ಕಂದಸಾಮಿಯತ್ತ ತಲೆಯೆತ್ತಿದರು. "ಹೌದೇನಯ್ಯಾ? ಹಸು ನಿನ್ನದಂತೆ?"

"ಕೂಸಿಗೆ ನಾಚಿಕೆ ಸಾರ್. ಹಸು ಇವರದೇ. ಇನ್ನೂ ಎರಡು ಬೆಟ್ಟದಲ್ಲಿ ಮೇಯ್ತಾವೆ."

ಹಸುವೊಂದು ಮಾತ್ರ ಎದುರುಮನೆಯ ಕಡೆ ತಿರುಗಿ ಕೂಗಿ ಸತ್ಯ ಹೇಳಿತು. ಆದರೆ ಅದರ ಭಾಷೆ ಮೇಷ್ಟರಿಗೆ ಬರುತ್ತಿರಲಿಲ್ಲ.

ಹೊರಡುವಾಗ ಅವರು ಪಾಂಡೀಶ್ವರಿಯನ್ನು ಪಕ್ಕಕ್ಕೆ ಕರೆದು, "ಹಸಿದವರ ಅನ್ನಕ್ಕೆ ಕೈಹಾಕಬಾರದು, ಮಗಳೇ. ದೇವರು ಮೆಚ್ಚಲ್ಲ," ಎಂದು ಮೆಲ್ಲಗೆ ಬುದ್ಧಿ ಹೇಳಿ ಹೋದರು. ಬೆಳಿಗ್ಗೆಯಿಂದ ಏನೂ ತಿನ್ನದ ಪಾಂಡೀಶ್ವರಿ ತಲೆಯಾಡಿಸಿದಳು.

ರಾಹುಕಾಲದಲ್ಲಿ ಸಾಮಾನು ಎತ್ತಬಾರದೆಂದು ಬೀದಿಯವರೆಲ್ಲ ಅಲ್ಲೇ ಕುಳಿತು ಉಳಿದ ಕೇಸರಿಬಾತನ್ನು ಮುಗಿಸಿದರು.

ಸೋಮವಾರ ಮಧ್ಯಾಹ್ನ ಕೊಳಾಯಿಗೆ ಹೋಗುವಾಗ ಪಾಂಡೀಶ್ವರಿಗೆ ಊಟದ ಸಾಲು ಕಂಡಿತು. ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನು ಓಚ್ಚಮ್ಮಾಳ್ ಮಗ ರಾಮ್‌ಕುಮಾರ್. ಅವನ ಹಿಂದೆ ಕಂದಸಾಮಿಯ ಮಗಳು ಯುವಶ್ರೀ.

"ನೀ ಇಲ್ಲೆಂಗೋ?"

"ಎಲ್ಲರೂ ಹಾಕ್ತಿದ್ರು ಅಂತ ನಾವೂ ಅರ್ಜಿ ಹಾಕಿದ್ವಿ," ಎಂದ ರಾಮ್‌ಕುಮಾರ್. "ಸಾರ್ ನಿಮ್ಮ ಮನೆಯಿಂದ ನೆಟ್ಟಗೆ ನಮ್ಮ ಮನೆಗೆ ಹೋದ್ರಂತೆ. ಅಜ್ಜಿ ಒಬ್ಬಳೇ ಬರಿ ನೆಲದಲ್ಲಿ ಕುಂತಿದ್ದಳು. ನೀರು ಕೊಡಕ್ಕೆ ಒಂದು ಲೋಟ ಇಲ್ಲೆ, ಹಾಸಕ್ಕೆ ಚಾಪೆ ಇಲ್ಲೆ. ಕಣ್ಣಲ್ಲಿ ನೀರು ಬಂತು ಅಂತ ಸಾರೇ ಹೇಳಿದ್ರು. ಇವಳ ಮನೇಲೂ ಗೋಡೆ ಬಿಟ್ರೆ ಏನಿಲ್ಲೆ ಅಂದ್ರು." ಆಮೇಲೆ ದನಿ ತಗ್ಗಿಸಿದ. "ಅಮ್ಮನಿಗೆ ಹೇಳಬೇಡ. ಮಾನ ಹೋಯ್ತು ಅಂತ ಕೊಂದುಬುಡ್ತಾಳೆ."

ಅವನು ಮನೆಯಿಂದ ತಂದಿದ್ದ ಬುತ್ತಿ ಕಂಕುಳಲ್ಲಿತ್ತು. ಅದು ಸಂಜೆಯ ಬಸ್ಸಿಗಂತೆ.

ಪಾಂಡೀಶ್ವರಿ ಸಂಜೆ ಬಂದು ಹೊಸ್ತಿಲ ಮೇಲೆ ಕುಳಿತಳು. ಆ ಬಾಡಿದ ಮುಖ ನೋಡಿದೊಡನೆ ಓಚ್ಚಮ್ಮಾಳ್‌ಗೆ ಎಲ್ಲ ಗೊತ್ತಾಗಿಹೋಯಿತು.

"ಗಂಡಿನ ಕಡೆಯವರು ಒಪ್ಪಲಿಲ್ವಾ ಕೂಸೇ?"

"ಇಲ್ಲೆ ಚಿನ್ನಮ್ಮಾ."

ಓಚ್ಚಮ್ಮಾಳ್ ಪಕ್ಕದಲ್ಲಿ ಕುಳಿತು ಅವಳ ತಲೆ ನೇವರಿಸಿದಳು. "ಅಳಬೇಡ. ತಪ್ಪು ನಮ್ಮದೇ. ಬರೋ ಸಾರಿ ನನ್ನ ತಮ್ಮನ ಮನೆಯಿಂದ ಫ್ರಿಜ್ಜೂ ತರಿಸ್ತೀನಿ."